ಪಾವತಿ ಬರೆಯಲು ಬಂದ ಹೊಸ ಗುಮಾಸ್ತ



ಕಳೆದ ಕಾರ್ಯಕಾರಿ ಸಮಿತಿ ಸಭೆಯಲ್ಲಿ ನಮ್ಮ ಖಜಾಂಚಿಯವರು ಒಂದು ಸೂಚನೆ ಮಂಡಿಸಿದರು. ಮಂಟಪದವರು, ಮುದ್ರಣಾಲಯದವರು, ಧ್ವನಿವರ್ಧಕದವರು, ಅಡುಗೆಯವರು ಹೀಗೆ ಸಂಘಕ್ಕೆ ಸಾಮಾನು ಮತ್ತು ಸೇವೆ ಒದಗಿಸುವವರಿಗೆ ಕೊಡುವ ಹಣದ ಲೆಕ್ಕವನ್ನು ಇನ್ನು ಮೇಲೆ 'ಎಐ ಏಜೆಂಟ್' ಬರೆಯಲಿ ಎಂಬುದು ಆ ಸೂಚನೆ. ಸಭೆಯಲ್ಲಿದ್ದ ಹನ್ನೊಂದು ಜನರಲ್ಲಿ ಮೂವರು ಚಪ್ಪಾಳೆ ತಟ್ಟಿದರು, ಇಬ್ಬರು ನಕ್ಕರು, ಉಳಿದವರು ನನ್ನ ಮುಖ ನೋಡಿದರು. ಮೂವತ್ನಾಲ್ಕು ವರ್ಷ ಲೆಕ್ಕದ ಶಾಖೆಯಲ್ಲಿ ಕೂತು ಕಿರ್ದಿ, ಖತಾವಣಿ ಬರೆದವನು ನಾನು. ಕೂಡಲೇ ಉತ್ತರ ಹೇಳಲಿಲ್ಲ, ಸ್ವಲ್ಪ ಸಮಯ ಕೇಳಿದೆ. ಆಮೇಲೆ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದು ಸಂಘದ ಲೆಕ್ಕಕ್ಕಷ್ಟೇ ಸಂಬಂಧಿಸಿದ ವಿಷಯವಲ್ಲ. ಈ ಪುಟ ಓದುವವರಲ್ಲಿ ಎಷ್ಟೋ ಜನ ಸೊಲ್ಲಾಪುರದಲ್ಲಿ ಚಾದರ, ಟಾವೆಲ್ಲಿನ ಮಗ್ಗ ನಡೆಸುತ್ತೀರಿ, ನೂಲು ಮಾರುತ್ತೀರಿ. ಅಕ್ಕಲಕೋಟ, ಜತ್ತ ಕಡೆಯವರು ಅಡತಿ ಅಂಗಡಿ ಇಟ್ಟಿದ್ದೀರಿ. ಇಂದು ಸಂಘದ ಮೇಜಿನ ಮೇಲೆ ಬಂದದ್ದು ನಾಳೆ ತಮ್ಮ ಗಲ್ಲೆಗೂ ಬರುತ್ತದೆ.

ಮೊದಲು, ಇದು ಏನು ಎಂಬುದು. 2024ರ ನವೆಂಬರ್‌ನಲ್ಲಿ ಅಮೆರಿಕದ ಆಂಥ್ರೊಪಿಕ್ ಎಂಬ ಕಂಪನಿ 'ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್' ಎಂಬ ಪದ್ಧತಿಯನ್ನು ಯಾರು ಬೇಕಾದರೂ ಬಳಸುವಂತೆ ಬಿಡುಗಡೆ ಮಾಡಿತು. ಚಿಕ್ಕದಾಗಿ ಎಂಸಿಪಿ ಎನ್ನುತ್ತಾರೆ. ಮರುವರ್ಷ ಓಪನ್‌ಎಐ, ಗೂಗಲ್‌ನವರೂ ಅದನ್ನು ಒಪ್ಪಿಕೊಂಡರು. ಅಲ್ಲಿಯವರೆಗೆ ಎಐ ಅಂದರೆ ಬಹುಮಟ್ಟಿಗೆ ಕೇಳಿದ ಪ್ರಶ್ನೆಗೆ ಉತ್ತರ ಬರೆಯುವ ಯಂತ್ರವಾಗಿತ್ತು. ಈ ಪದ್ಧತಿ ಬಂದ ಮೇಲೆ ಬೇರೆ ತಂತ್ರಾಂಶದ ಒಳಗೆ ಹೋಗಿ ಕೆಲಸ ಮಾಡಲು ಎಲ್ಲರಿಗೂ ಒಂದೇ ನಮೂನೆಯ ಬಾಗಿಲು ಆಯಿತು. ಲೆಕ್ಕದ ತಂತ್ರಾಂಶ ಮಾಡುವವರೂ ಈ ಬಾಗಿಲು ತೆರೆದಿದ್ದಾರೆ. ನ್ಯೂಜಿಲೆಂಡಿನ ಜೀರೋ ಕಂಪನಿ ತೆರೆದಿದೆ, ನಮ್ಮ ಚೆನ್ನೈಯ ಜೋಹೋ ತೆರೆದಿದೆ. ಬೆಂಗಳೂರಿನ ಟ್ಯಾಲಿ ಬಹಳ ಹಿಂದಿನಿಂದಲೂ ಎಕ್ಸ್‌ಎಂಎಲ್ ಎಂಬ ಕಡತದ ಮೂಲಕ ಹೊರಗಿನಿಂದ ವೋಚರ್ ಸ್ವೀಕರಿಸುವಂತಿದೆ, ಆ ದಾರಿಯಲ್ಲಿ ಎಐ ಜೋಡಿಸುವವರೂ ಇದ್ದಾರೆ. ಟ್ಯಾಲಿಯ ಹೆಸರು ತೆಗೆದಾಗ ಒಂದು ಅಡ್ಡಮಾತು: 1986ರಲ್ಲಿ ಶ್ಯಾಮಸುಂದರ ಗೋಯೆಂಕಾ ಮತ್ತು ಅವರ ಮಗ ಭರತ ಗೋಯೆಂಕಾ ಆ ಕಂಪನಿ ಕಟ್ಟಿದಾಗ ನಮ್ಮಂಥ ಗುಮಾಸ್ತರ ಅನ್ನ ಹೋಯಿತು ಎಂದೇ ಎಲ್ಲರೂ ಅಂದುಕೊಂಡಿದ್ದರು. ಆಮೇಲೆ ಅದನ್ನೇ ಕಲಿತು ಊಟ ಮಾಡಿದವರು ಎಷ್ಟು ಸಾವಿರವೋ.

ಬಾಗಿಲಿನ ಒಳಗೆ ಏಜೆಂಟಿಗೆ ಸಿಗುವುದು 'ಟೂಲ್' ಎಂದು ಅವರು ಕರೆಯುವ ಸಣ್ಣ ಸಣ್ಣ ಕೆಲಸಗಳು. ಬಿಲ್ಲುಗಳ ಪಟ್ಟಿ ತೋರಿಸು ಎಂಬುದು ಒಂದು. ಪಾರ್ಟಿಯನ್ನು ಹುಡುಕು ಎಂಬುದು ಇನ್ನೊಂದು. ಸರಬರಾಜುದಾರರಿಗೆ ಆದ ಪಾವತಿ ದಾಖಲಿಸು ಎಂಬುದು ಮತ್ತೊಂದು. ಪ್ರತಿ ಟೂಲಿಗೂ ಒಂದು ಹೆಸರು, ಅದು ಏನು ಮಾಡುತ್ತದೆ ಎಂಬ ವಿವರಣೆ, ತುಂಬಬೇಕಾದ ಒಂದು ನಮೂನೆ ಇರುತ್ತದೆ. ಜೋಹೋ ಬುಕ್ಸ್‌ನ ಪಾವತಿ ನಮೂನೆ ನೋಡಿದೆ. ಪಾರ್ಟಿಯ ಗುರುತು ಸಂಖ್ಯೆ, ಮೊತ್ತ, ತಾರೀಖು, ಯಾವ ರೀತಿಯ ಪಾವತಿ, ಯಾವ ಬ್ಯಾಂಕ್ ಖಾತೆಯಿಂದ, ಉಲ್ಲೇಖ ಸಂಖ್ಯೆ, ಮತ್ತು ಯಾವ ಯಾವ ಬಿಲ್ಲಿಗೆ ಎಷ್ಟೆಷ್ಟು. ಓದುತ್ತಾ ನಗು ಬಂತು. ನಾವು ಕೆಲಸಕ್ಕೆ ಸೇರಿದ ಮೊದಲ ವಾರ ದೊಡ್ಡ ಗುಮಾಸ್ತರು ಗುಲಾಬಿ ಬಣ್ಣದ ವೋಚರ್ ಕಾಗದದ ಮೇಲೆ ಕಲಿಸಿದ್ದೂ ಇದನ್ನೇ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು, ಸಭೆಯಲ್ಲಿ ಗೊಂದಲವಾದದ್ದೂ ಇದರಿಂದಲೇ. ಪಾವತಿ ಮಾಡುವುದು ಬೇರೆ, ಪಾವತಿ ಬರೆಯುವುದು ಬೇರೆ. ಏಜೆಂಟ್ ಈ ಟೂಲ್ ಬಳಸಿದರೆ ಬ್ಯಾಂಕಿನಿಂದ ಒಂದು ರೂಪಾಯಿಯೂ ಹೊರಡುವುದಿಲ್ಲ. ಹಣ ಚೆಕ್ಕಿನಿಂದಲೋ ನೆಫ್ಟ್‌ನಿಂದಲೋ ಮೊದಲೇ ಹೋಗಿರುತ್ತದೆ. ಹೋಗಿದೆ ಎಂದು ಪಾರ್ಟಿಯ ಖಾತೆಗೆ ಡೆಬಿಟ್, ಬ್ಯಾಂಕಿಗೆ ಕ್ರೆಡಿಟ್ ಹಾಕಿ, ಯಾವ ಬಿಲ್ಲು ತೀರಿತು ಎಂದು ಗುರುತು ಮಾಡುವುದು ಇದರ ಕೆಲಸ. 'ಹಾಗಾದರೆ ಚಿಂತೆ ಏನು, ದುಡ್ಡಂತೂ ಹೋಗುವುದಿಲ್ಲವಲ್ಲ' ಎಂದು ಒಬ್ಬ ಹಿರಿಯ ಸದಸ್ಯರು ಕೇಳಿದರು. ಚಿಂತೆ ಇದೆ. ಕಳ್ಳತನವಾದರೆ ಅದೇ ದಿನ ಗೊತ್ತಾಗುತ್ತದೆ. ತಪ್ಪು ಬರಹ ವರ್ಷಗಟ್ಟಲೆ ಪುಸ್ತಕದಲ್ಲಿ ಸುಮ್ಮನೆ ಕೂತಿರುತ್ತದೆ.

ಇದು ನನ್ನ ಅನುಭವದ ಮಾತು. ನಾನು ಮೊದಲು ದುಡಿದ ಸಂಸ್ಥೆಯಲ್ಲಿ, ಕೆಲಸಕ್ಕೆ ಸೇರಿ ಎರಡನೆಯ ವರ್ಷ, ಗೋಣಿಚೀಲ ಪೂರೈಸುವ ಒಬ್ಬರಿಗೆ ಕೊಟ್ಟ 8,640 ರೂಪಾಯಿಯ ಚೆಕ್ಕನ್ನು ಅದೇ ಹೆಸರಿನ ಇನ್ನೊಬ್ಬರ ಖಾತೆಗೆ ಖತಾಯಿಸಿಬಿಟ್ಟೆ. ಇಬ್ಬರದೂ ಸಿದ್ಧೇಶ್ವರನ ಹೆಸರೇ. ಸಿದ್ಧರಾಮೇಶ್ವರರ ಈ ಊರಿನಲ್ಲಿ ಆ ಹೆಸರಿಲ್ಲದ ಓಣಿ ಯಾವುದಿದೆ ಹೇಳಿ? ಅಕ್ಕಲಕೋಟಕ್ಕೆ ಹೋದರೆ ಪ್ರತಿ ನಾಲ್ಕನೆಯ ಫಲಕದ ಮೇಲೆ ಸಮರ್ಥರ ಹೆಸರು. ವರ್ಷದ ಕೊನೆಗೆ ತಾಳೆಪಟ್ಟಿ ಪೈಸೆ ಬಿಡದೆ ಕೂಡಿತು. ಕೂಡಲೇಬೇಕು, ಯಾಕೆಂದರೆ ಡೆಬಿಟ್ ಒಂದು ಪಾರ್ಟಿಯಿಂದ ಇನ್ನೊಂದು ಪಾರ್ಟಿಗೆ ಹೋದರೆ ಒಟ್ಟು ಮೊತ್ತ ಬದಲಾಗುವುದಿಲ್ಲ. ಹಣ ಬಂದವರು ಸುಮ್ಮನಿದ್ದರು, ಅವರ ಲೆಕ್ಕ ಸರಿಯಾಗಿಯೇ ಇತ್ತು. ಇನ್ನೊಬ್ಬರ ಕಥೆ ಬೇರೆ. ಅವರ ಖಾತೆಯಲ್ಲಿ ಬಾಕಿಯೇ ಕಾಣದ್ದರಿಂದ ಅವರಿಗೆ ಬರಬೇಕಾದ ಹಣ ತಡೆದು ನಿಂತಿತು. ಮೂರು ಸಲ ಬಂದರು, ಮೂರು ಸಲವೂ 'ನಿಮ್ಮದು ಚುಕ್ತಾ ಆಗಿದೆ' ಎಂದು ನಾನೇ ಪುಸ್ತಕ ತೋರಿಸಿ ಕಳಿಸಿದೆ. ನಾಲ್ಕನೆಯ ಸಲ ತಮ್ಮ ಮಗಳ ಮದುವೆಯ ಪತ್ರಿಕೆ ಮೇಜಿನ ಮೇಲಿಟ್ಟು ಏನೂ ಮಾತಾಡದೆ ನಿಂತರು. ಆಗ ಹಳೆಯ ಚೆಕ್ಕುಗಳ ಅಡಿಚೀಟಿ ತೆಗೆದು ನೋಡಿದೆ. ಇವತ್ತಿಗೂ ಆ ಪತ್ರಿಕೆಯ ಕುಂಕುಮದ ಮೂಲೆ ಕಣ್ಣ ಮುಂದೆ ಇದೆ.

ಈಗ ಖಜಾಂಚಿಯವರ ಪ್ರಯೋಗದ ವಿಷಯ. ಅವರು ನನ್ನ ಗೆಳೆಯರ ಮಗ, ಬಿ.ಕಾಂ. ಮಾಡಿದ ಹುಡುಗ. ಒಂದು ಭಾನುವಾರ ಸಂಘದ ಕಚೇರಿಗೆ ಲ್ಯಾಪ್‌ಟಾಪ್ ತಂದು, ಖೊಟ್ಟಿ ಕಂಪನಿಯೊಂದನ್ನು ತೆರೆದು, ಹೋದ ರಾಜ್ಯೋತ್ಸವದ ಆರು ಪಾವತಿಗಳನ್ನು ಏಜೆಂಟಿಗೆ ಕೊಟ್ಟ. 'ಕಾಕಾ, ನೀವು ಬರೇ ಬಾಯಿಲೆ ಹೇಳ್ರಿ, ಬರಿಯೂದು ಅದರ ಕೆಲಸ' ಅಂದ. ನಾನು ಕನ್ನಡದಲ್ಲೇ ಹೇಳಿದೆ, ಅದಕ್ಕೆ ತಿಳಿಯಿತು. ಸುಳ್ಳು ಹೇಳುವುದಿಲ್ಲ, ನನಗೆ ಆಶ್ಚರ್ಯವಾಯಿತು. ಬಿಲ್ಲಿನ ಫೋಟೋ ನೋಡಿ ಮೊತ್ತ ಓದಿತು, ಬ್ಯಾಂಕ್ ಸ್ಟೇಟ್‌ಮೆಂಟಿನಿಂದ ಯುಟಿಆರ್ ಸಂಖ್ಯೆ ಹುಡುಕಿತು. ಹದಿನಾರು ಅಕ್ಷರ ಇದ್ದದ್ದು ನೆಫ್ಟ್, ಇಪ್ಪತ್ತೆರಡು ಇದ್ದದ್ದು ಆರ್‌ಟಿಜಿಎಸ್ ಎಂದು ತಾನೇ ವಿಂಗಡಿಸಿತು. ನಾನು ಒಂದು ತಾಸು ತೆಗೆದುಕೊಳ್ಳುವ ಕೆಲಸ ನಾಲ್ಕು ನಿಮಿಷದಲ್ಲಿ ಮುಗಿಯಿತು.

ಆರರಲ್ಲಿ ನಾಲ್ಕು ಸರಿ. ತಪ್ಪಿದ ಎರಡನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಮೊದಲನೆಯದು ಮಂಟಪದ ಬಿಲ್ಲು, 40,000 ರೂಪಾಯಿ. ಗುತ್ತಿಗೆ ಕೆಲಸಕ್ಕೆ ಒಂದೇ ಬಿಲ್ಲು 30,000 ದಾಟಿದರೆ, ಪಡೆಯುವವರು ಒಬ್ಬ ವ್ಯಕ್ತಿಯಾಗಿದ್ದರೆ ಶೇ. 1ರಷ್ಟು ಟಿಡಿಎಸ್ ಹಿಡಿಯಬೇಕು. ನೋಂದಾಯಿತ ಸಂಘಗಳಿಗೂ ಈ ನಿಯಮ ಇದೆ, ಮರೆಯಬಾರದು. ನಾವು 400 ಹಿಡಿದು 39,600 ಕೊಟ್ಟಿದ್ದೆವು. ಬ್ಯಾಂಕಿನಲ್ಲಿ 39,600 ಕಂಡ ಏಜೆಂಟ್ ಅಷ್ಟನ್ನೇ ಬಿಲ್ಲಿಗೆ ಹಾಕಿ 400 ರೂಪಾಯಿ ಬಾಕಿ ಎಂದು ಉಳಿಸಿತು. ಮಂಟಪದವರು ಆ 400ನ್ನು ಕೇಳುವವರಲ್ಲ, ಅದು ಅವರ ಪಾನ್ ಸಂಖ್ಯೆಗೆ ಸರಕಾರದಲ್ಲಿ ಜಮಾ ಆಗಬೇಕಾದದ್ದು. ನಮ್ಮ ಪುಸ್ತಕದಲ್ಲಿ ಪಾರ್ಟಿಗೆ ಸಾಲ ಎಂದು ಉಳಿದಿದ್ದರೆ ಟಿಡಿಎಸ್ ತುಂಬುವುದೂ ತಪ್ಪುತ್ತಿತ್ತು. ಆಮೇಲೆ ನಷ್ಟ ಯಾರಿಗೆ? ಮಂಟಪದವರಿಗೆ, ಸಿಗಬೇಕಾದ ತೆರಿಗೆಯ ಜಮಾ ಸಿಗದೆ.

ಎರಡನೆಯದು ತಾವು ಊಹಿಸಿದ್ದೇ. ಊಟದ ಗುತ್ತಿಗೆಯವರ ಹೆಸರು ಮತ್ತು ಹೂವಿನ ಅಂಗಡಿಯವರ ಹೆಸರು, ಎರಡೂ ಸಿದ್ಧೇಶ್ವರ. ಒಂದನ್ನು ಮರಾಠಿ ಉಚ್ಚಾರದಂತೆ ಇಂಗ್ಲಿಷಿನಲ್ಲಿ ಬರೆದಿದೆ, ಇನ್ನೊಂದು ಕನ್ನಡದ ಉಚ್ಚಾರದಂತೆ. ಏಜೆಂಟ್ ಒಂದನ್ನು ಆರಿಸಿಕೊಂಡಿತು. ಅನುಮಾನ ಬಂದಾಗ ಕೇಳುವ ಅಭ್ಯಾಸ ಒಳ್ಳೆಯ ಗುಮಾಸ್ತನಿಗೆ ಇರುತ್ತದೆ, ನಾನು ಆ ವಯಸ್ಸಿನಲ್ಲಿ ಕೇಳಿರಲಿಲ್ಲ, ಇದೂ ಕೇಳಲಿಲ್ಲ. ಮುಗಿಸಿ 'ಎಲ್ಲ ಆರು ಪಾವತಿಗಳೂ ಯಶಸ್ವಿಯಾಗಿ ದಾಖಲಾದವು' ಎಂದು ಬರೆಯಿತು. ಆ ವಾಕ್ಯದಲ್ಲಿ ಸುಳ್ಳಿಲ್ಲ. ದಾಖಲಾದದ್ದಂತೂ ನಿಜ.

ಇಲ್ಲಿ ನ್ಯಾಯವಾಗಿ ಇನ್ನೊಂದು ಮಾತು ಹೇಳಬೇಕು. ಖಜಾಂಚಿ ಅದಕ್ಕೆ 'ಪಾನ್ ಅಥವಾ ಜಿಎಸ್‌ಟಿ ಸಂಖ್ಯೆ ತಾಳೆಯಾಗದೆ ಯಾವ ಪಾರ್ಟಿಯನ್ನೂ ಆರಿಸಬೇಡ, ಮೊತ್ತ ಕೂಡದಿದ್ದರೆ ನಿಲ್ಲಿಸಿ ಕೇಳು' ಎಂದು ಬರೆದುಕೊಟ್ಟು ಮತ್ತೊಮ್ಮೆ ಓಡಿಸಿದ. ಎರಡನೆಯ ಸಲ ಎರಡೂ ಕಡೆ ನಿಂತು ಕೇಳಿತು. ಹೇಳಿಕೊಟ್ಟರೆ ಕಲಿಯುತ್ತದೆ ಎನ್ನಬಹುದು, ಆದರೆ ಹೇಳಿಕೊಡಲು ಏನು ತಪ್ಪಬಹುದು ಎಂದು ಗೊತ್ತಿರುವ ಮನುಷ್ಯ ಬೇಕು.

ಆ ಎರಡನೆಯ ಸಲದಲ್ಲೇ ಇನ್ನೊಂದು ಸಂಗತಿ ನಡೆಯಿತು. ನಮ್ಮ ಕಚೇರಿಯ ಇಂಟರ್‌ನೆಟ್ ಗೊತ್ತಲ್ಲ, ನಡುವೆ ಕಡಿದುಹೋಯಿತು. ಮುದ್ರಣಾಲಯದ ಪಾವತಿ ಆ ಕಡೆ ಮುಟ್ಟಿತ್ತು, ಮುಟ್ಟಿದ ಸುದ್ದಿ ಈ ಕಡೆ ಬಂದಿರಲಿಲ್ಲ. ಏಜೆಂಟ್ ಆಗಿಲ್ಲ ಎಂದುಕೊಂಡು ಮತ್ತೆ ಬರೆಯಿತು. ಒಂದೇ ಪಾವತಿ ಎರಡು ಸಲ. ಮೊದಲನೆಯದು ಬಿಲ್ಲಿಗೆ ಹತ್ತಿತು, ಎರಡನೆಯದು ಮುಂಗಡ ಎಂದು ಕೂತಿತು. ಮುಂದಿನ ವರ್ಷ ಆ ಮುದ್ರಣಾಲಯದವರು ಬಿಲ್ಲು ತಂದಾಗ 'ನಿಮ್ಮಲ್ಲಿ ನಮ್ಮ ಮುಂಗಡ ಇದೆಯಲ್ಲ' ಎಂದು ನಾವು ಜಗಳಕ್ಕೆ ನಿಲ್ಲುತ್ತಿದ್ದೆವು. ಇದಕ್ಕೆ ತಂತ್ರಜ್ಞರಲ್ಲಿ ಮದ್ದಿದೆ. ಪ್ರತಿ ಪಾವತಿಗೂ ಒಂದೇ ಒಂದು ಗುರುತಿನ ಸಂಖ್ಯೆ ಕೊಟ್ಟು ಕಳಿಸಿದರೆ, ಅದೇ ಸಂಖ್ಯೆ ಎರಡನೆಯ ಸಲ ಬಂದಾಗ ತಂತ್ರಾಂಶ ಹೊಸದಾಗಿ ಬರೆಯುವುದಿಲ್ಲ. ಕೆಲವು ತಂತ್ರಾಂಶಗಳಲ್ಲಿ ಈ ಸೌಲಭ್ಯ ಇದೆ. ನಾವು ಚೆಕ್ಕಿನ ಸಂಖ್ಯೆ ಕಿರ್ದಿಯಲ್ಲಿ ಬರೆದು, ಬರೆದ ಕೂಡಲೇ ಅಡಿಚೀಟಿಯ ಮೇಲೆ ಕೆಂಪು ಗೆರೆ ಎಳೆಯುತ್ತಿದ್ದೆವಲ್ಲ, ಅದೇ ಯುಕ್ತಿ. ತಂತ್ರಾಂಶ ಕೊಳ್ಳುವಾಗ ಈ ಪ್ರಶ್ನೆ ಕೇಳದೆ ಕೊಳ್ಳಬೇಡಿ.

ಬರೆದದ್ದನ್ನು ತಿದ್ದುವ ವಿಷಯವೂ ತಿಳಿದಿರಲಿ. ಜೀರೋದಂಥ ತಂತ್ರಾಂಶದಲ್ಲಿ ಒಮ್ಮೆ ದಾಖಲಾದ ಪಾವತಿಯನ್ನು ತಿದ್ದಲು ಬರುವುದಿಲ್ಲ, ರದ್ದು ಮಾಡಿ ಹೊಸದಾಗಿ ಬರೆಯಬೇಕು. ಹಳೆಯ ಪದ್ಧತಿಯವನಾದ ನನಗೆ ಇದು ಸರಿ ಎನಿಸುತ್ತದೆ. ಕಿರ್ದಿಯಲ್ಲಿ ರಬ್ಬರ್ ಹಚ್ಚಿದವನನ್ನು ನಮ್ಮ ಸಾಹೇಬರು ಶಾಖೆಯಿಂದಲೇ ಎಬ್ಬಿಸುತ್ತಿದ್ದರು. ನಮ್ಮ ದೇಶದ ಕಾನೂನೂ ಆ ಕಡೆಗೇ ಹೊರಳಿದೆ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ಬದಲಾವಣೆಯೂ ತಾರೀಖು ಸಹಿತ ದಾಖಲಾಗಬೇಕು, ಆ ದಾಖಲೆಯನ್ನು ಯಾರೂ ಬಂದ್ ಮಾಡಲು ಬರಬಾರದು. ಸಂಘ, ಟ್ರಸ್ಟುಗಳಿಗೆ ಈ ನಿಯಮ ನೇರವಾಗಿ ಅನ್ವಯಿಸುವುದಿಲ್ಲ, ಆದರೂ ಪಾಲಿಸುವುದು ಒಳ್ಳೆಯದು.

ಆದರೆ ಆ ದಾಖಲೆಯಲ್ಲಿ ಯಾರ ಹೆಸರು ಬರುತ್ತದೆ? ಪ್ರಯೋಗದ ದಿನ ಖಜಾಂಚಿ ತನ್ನದೇ ಲಾಗಿನ್ನಿನಿಂದ ಏಜೆಂಟನ್ನು ಒಳಗೆ ಬಿಟ್ಟಿದ್ದ. ಹೀಗಾಗಿ ತಪ್ಪು ಖತಾಯಿಸಿದ್ದು ಕೂಡ ಅವನ ಹೆಸರಿನಲ್ಲೇ ಅಚ್ಚಾಯಿತು. ನಾಳೆ ಲೆಕ್ಕ ಪರಿಶೋಧಕರು ಕೇಳಿದರೆ 'ನಾನಲ್ಲ ಸಾಹೇಬರೆ, ಯಂತ್ರ' ಎಂದು ಹೇಳಲು ಏನು ಪುರಾವೆ? ನಾನು ಹೇಳಿದೆ: 'ತಮ್ಮಾ, ನಿನ್ನ ಸಹಿ ನೀ ಯಾರಿಗೂ ಕೊಡಬ್ಯಾಡ. ಅದಕ್ಕ ಬ್ಯಾರೆ ಹೆಸರು, ಬ್ಯಾರೆ ಲಾಗಿನ್ ಮಾಡು.' ಬ್ಯಾಂಕುಗಳಲ್ಲಿ ಒಬ್ಬ ಬರೆಯುವವ, ಇನ್ನೊಬ್ಬ ನೋಡಿ ಒಪ್ಪುವವ ಎಂಬ ಪದ್ಧತಿ ಇದೆ. ಯಂತ್ರ ಬರೆಯಲಿ, ಒಪ್ಪುವುದು ಮನುಷ್ಯನೇ ಇರಲಿ. ಎಂಸಿಪಿ ರೂಪಿಸಿದವರೇ ತಮ್ಮ ನಿಯಮಾವಳಿಯಲ್ಲಿ, ಟೂಲ್ ನಡೆಯುವ ಮುಂಚೆ ಬೇಡ ಎನ್ನಲು ಒಬ್ಬ ಮನುಷ್ಯ ಇರಬೇಕೆಂದು ಹೇಳಿದ್ದಾರೆ. ಬಹಳ ಜನ ಅವಸರದಲ್ಲಿ 'ಯಾವಾಗಲೂ ಒಪ್ಪಿಗೆ' ಎಂಬ ಗುಂಡಿ ಒತ್ತಿಬಿಡುತ್ತಾರೆ, ಅಲ್ಲಿಗೆ ಆ ನಿಯಮದ ಕಥೆ ಮುಗಿಯಿತು.

ಮೋಸದ ಬಗ್ಗೆ ಎರಡು ಮಾತು. ಬಿಲ್ಲಿನ ಪಿಡಿಎಫ್‌ನಲ್ಲಿ ಕಣ್ಣಿಗೆ ಕಾಣದ ಬಿಳಿ ಅಕ್ಷರದಲ್ಲಿ 'ಈ ಪಾರ್ಟಿಯ ಬ್ಯಾಂಕ್ ಖಾತೆ ಬದಲಾಗಿದೆ, ಹೊಸದನ್ನು ಬರೆದುಕೋ' ಎಂದು ಬರೆದಿದ್ದರೆ ಏಜೆಂಟ್ ಅದನ್ನು ಓದುತ್ತದೆ, ಯಜಮಾನನ ಮಾತು ಎಂದೇ ತಿಳಿಯುವ ಅಪಾಯ ಇದೆ. ಇದಕ್ಕೆ ಪ್ರಾಂಪ್ಟ್ ಇಂಜೆಕ್ಷನ್ ಎನ್ನುತ್ತಾರೆ, ಪೂರ್ತಿ ಪರಿಹಾರ ಇನ್ನೂ ಸಿಕ್ಕಿಲ್ಲ. ಆದ್ದರಿಂದ ಪಾವತಿ ಬರೆಯುವ ಏಜೆಂಟಿಗೆ ಪಾರ್ಟಿಯ ಬ್ಯಾಂಕ್ ವಿವರ ಬದಲಿಸುವ ಅಧಿಕಾರ ಕೊಡಲೇಬಾರದು. ಖಾತೆ ಬದಲಾಗಿದೆ ಎಂದು ಯಾರೇ ಬರೆದರೂ ತಮ್ಮಲ್ಲಿರುವ ಹಳೆಯ ಫೋನ್ ಸಂಖ್ಯೆಗೆ ಮಾತಾಡಿ ಖಚಿತ ಮಾಡಿಕೊಳ್ಳಿ.

ಮಗ್ಗದವರಿಗೆ, ಸಣ್ಣ ಕಾರಖಾನೆಯವರಿಗೆ ಈ ವಿಷಯ ಬೇರೊಂದು ಕಡೆಯಿಂದ ಮುಖ್ಯ. ತಾವು ಪಾವತಿ ಕೊಡುವವರಷ್ಟೇ ಅಲ್ಲ, ಪಡೆಯುವವರೂ ಹೌದು. 2006ರ ಎಂಎಸ್‌ಎಂಇ ಕಾಯ್ದೆಯಂತೆ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ, ಲಿಖಿತ ಕರಾರು ಇಲ್ಲದಿದ್ದರೆ 15 ದಿನದೊಳಗೆ, ಕರಾರು ಇದ್ದರೂ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2025ರ ಏಪ್ರಿಲ್‌ನಿಂದ ಸಣ್ಣ ಉದ್ದಿಮೆಯ ವಹಿವಾಟಿನ ಮಿತಿ 100 ಕೋಟಿಗೆ ಏರಿದ್ದರಿಂದ ನಮ್ಮ ಕಡೆಯ ಮಗ್ಗಗಳವರಲ್ಲಿ ಬಹುತೇಕರು ಇದರಲ್ಲಿ ಬರುತ್ತಾರೆ. ಉದ್ಯಮ್ ನೋಂದಣಿ ಮಾಡಿಸಿರಬೇಕು ಅಷ್ಟೆ. ಕೊಂಡು ಮಾರುವ ವ್ಯಾಪಾರಿಗಳಿಗೆ ಈ ರಕ್ಷಣೆ ಇಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಇದಕ್ಕೆ ಆದಾಯ ತೆರಿಗೆಯವರು ಹಲ್ಲು ಜೋಡಿಸಿದ್ದಾರೆ: ಗಡುವು ಮೀರಿ ಮುಂದಿನ ಆರ್ಥಿಕ ವರ್ಷದಲ್ಲಿ ಕೊಟ್ಟರೆ, ಕೊಂಡವರಿಗೆ ಆ ಖರ್ಚು ಈ ವರ್ಷದ ಲೆಕ್ಕದಲ್ಲಿ ಸಿಗುವುದಿಲ್ಲ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮಿನ ಸಂಖ್ಯೆ ಬದಲಾಗಿದೆ, ನಿಯಮ ಉಳಿದಿದೆ.

ಇದಕ್ಕೂ ಏಜೆಂಟಿಗೂ ಏನು ಸಂಬಂಧ ಎಂದರೆ, ತಾರೀಖು. ಕರಾರಿನಂತೆ 45 ದಿನ ಎಂದಿಟ್ಟುಕೊಳ್ಳಿ. ಜನವರಿ 20ಕ್ಕೆ ಟಾವೆಲ್ ಒಪ್ಪಿಕೊಂಡವರು ಮಾರ್ಚ್ 6ರೊಳಗೆ ಕೊಡಬೇಕು. ಮಾರ್ಚ್ 10ಕ್ಕೆ ಒಪ್ಪಿಕೊಂಡವರಿಗೆ ಏಪ್ರಿಲ್ 24ರವರೆಗೆ ಸಮಯ. ಈಗ ಏಪ್ರಿಲ್ 3ಕ್ಕೆ ಒಂದೇ ಮೊತ್ತದ ಪಾವತಿ ಬಂದರೆ ಅದು ಯಾವ ಬಿಲ್ಲಿನದು? ಹಳೆಯದಕ್ಕೆ ಹಾಕಿದರೂ ಕೊಂಡವರಿಗೆ ತೆರಿಗೆಯ ಪೆಟ್ಟು, ಯಾಕೆಂದರೆ ಗಡುವು ಮೀರಿದ ಬಿಲ್ಲು ಹೊಸ ವರ್ಷದಲ್ಲಿ ತೀರಿದಂತೆ ಆಯಿತು. ಅದನ್ನು ತಪ್ಪಿಸಲು ಹಿಂದಿನ ತಾರೀಖು ಹಾಕಿ ಬರೆಯುವವರು ಹಿಂದೆಯೂ ಇದ್ದರು. ಈಗ 'ಮಾರ್ಚ್ 31 ಎಂದು ಬರೆ' ಎಂದು ಏಜೆಂಟಿಗೆ ಹೇಳಿದರೆ ಅದು ಮುಖ ಸಿಂಡರಿಸದೆ ಬರೆಯಬಹುದು. ಗುಮಾಸ್ತನಾದರೂ ಒಮ್ಮೆ 'ಸಾಹೇಬರೆ, ಬ್ಯಾಂಕಿನಲ್ಲಿ ಏಪ್ರಿಲ್ ಇದೆಯಲ್ಲ' ಎನ್ನುತ್ತಿದ್ದ. ನನ್ನ ಸಲಹೆ ಇಷ್ಟೇ. ತಮ್ಮಿಂದ ಕೊಂಡವರು ದೊಡ್ಡ ಕಂಪನಿಯಾದರೆ, ಹಣ ಬಂದ ಕೂಡಲೇ ಯಾವ ಬಿಲ್ಲಿಗೆ ಎಷ್ಟು ಎಂಬ ವಿವರ ಪತ್ರ ಕೇಳಿ ಪಡೆಯಿರಿ, ಮೂರು ತಿಂಗಳಿಗೊಮ್ಮೆ ಅವರ ಪುಸ್ತಕದಲ್ಲಿರುವ ತಮ್ಮ ಖಾತೆಯ ನಕಲು ತರಿಸಿ ತಾಳೆ ನೋಡಿ. ಆ ಕಡೆ ಬರೆಯುತ್ತಿರುವವರು ಮನುಷ್ಯರೋ ಯಂತ್ರವೋ ತಮಗೆ ತಿಳಿಯುವುದಿಲ್ಲ.

ಕೆಲಸದ ಮಾತು ಬಿಡುವಂತಿಲ್ಲ. ಗಡಿಯ ಈಚೆಗೆ ಕನ್ನಡ ಶಾಲೆಯಲ್ಲಿ ಕಲಿತ ನಮ್ಮ ಮಕ್ಕಳಿಗೆ ಊರಲ್ಲೇ ಸಿಗುವ ಮೊದಲ ನೌಕರಿ ಎಂದರೆ ಅಂಗಡಿ, ಕಾರಖಾನೆಗಳ ಲೆಕ್ಕ ಬರೆಯುವುದು. ಬೆಳಗ್ಗೆ ಕಾಲೇಜು, ಸಂಜೆ ಟ್ಯಾಲಿ ಕ್ಲಾಸು, ಆಮೇಲೆ ಒಬ್ಬ ಸಿಎ ಕಚೇರಿಯಲ್ಲಿ ಎರಡು ವರ್ಷ. ಆ ಮೊದಲ ಮೆಟ್ಟಿಲಿನ ಕೆಲಸವೇ ಈ ಬಿಲ್ಲು ಬರೆಯುವುದು, ಪಾವತಿ ಖತಾಯಿಸುವುದು. ಟ್ಯಾಲಿ ಬಂದಾಗ ಏನೂ ಆಗಲಿಲ್ಲ, ಈಗಲೂ ಆಗದು ಎಂದು ಸಮಾಧಾನ ಹೇಳುವವರಿದ್ದಾರೆ. ನನಗೆ ಅಷ್ಟು ಧೈರ್ಯವಿಲ್ಲ. ಟ್ಯಾಲಿಗೆ ಬೆರಳು ಬೇಕಾಗಿತ್ತು, ಇದಕ್ಕೆ ಬೇಡ. ತಪ್ಪು ಹಿಡಿಯುವವರು ಬೇಕು ಎಂದು ಮೇಲೆ ನಾನೇ ಬರೆದೆ. ಆದರೆ ಎರಡು ವರ್ಷ ತಪ್ಪು ಮಾಡದೆ ತಪ್ಪು ಹಿಡಿಯಲು ಯಾರಿಗೆ ಬರುತ್ತದೆ? ಆ ಗೋಣಿಚೀಲದ ಪಾರ್ಟಿ ನನ್ನ ಮೇಜಿಗೆ ಬಾರದೆ ಇದ್ದಿದ್ದರೆ ಪ್ರಯೋಗದ ದಿನ ಸಿದ್ಧೇಶ್ವರನ ತಪ್ಪು ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ. ಕಾರಖಾನೆ ನಡೆಸುವ ಸದಸ್ಯರಲ್ಲಿ ನನ್ನ ವಿನಂತಿ: ಏಜೆಂಟ್ ಇಟ್ಟುಕೊಳ್ಳಿ, ಅದರ ಪಕ್ಕದಲ್ಲಿ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಕೂರಿಸಿಕೊಳ್ಳಿ.

ಸಮಿತಿ ಈಗ ತೀರ್ಮಾನಿಸಿರುವುದು ಹೀಗಿದೆ. ಈ ವರ್ಷದ ರಾಜ್ಯೋತ್ಸವದ ಪಾವತಿಗಳನ್ನು ಏಜೆಂಟ್ ಕರಡು ರೂಪದಲ್ಲಿ ಮಾತ್ರ ಬರೆಯುವುದು. ಖಜಾಂಚಿ ಮತ್ತು ನಾನು ಪ್ರತಿಯೊಂದನ್ನೂ ಬಿಲ್ಲು, ಬ್ಯಾಂಕ್ ಎರಡಕ್ಕೂ ತಾಳೆ ನೋಡಿ ಒಪ್ಪುವುದು. ಅದಕ್ಕೆ ಬೇರೆ ಲಾಗಿನ್, ರದ್ದು ಮಾಡುವ ಅಧಿಕಾರ ಇಲ್ಲ. ಡಿಸೆಂಬರ್ ಕೊನೆಗೆ ಎಷ್ಟು ಸರಿ, ಎಷ್ಟು ತಪ್ಪು ಎಂಬ ಪಟ್ಟಿಯನ್ನು ಈ ಪುಟದಲ್ಲೇ ಹಾಕುತ್ತೇವೆ.

ಸಂಘಕ್ಕೆ ಸಾಮಾನು, ಸೇವೆ ಒದಗಿಸುವವರು ಬಿಲ್ಲಿನ ಮೇಲೆ ಪಾನ್ ಸಂಖ್ಯೆ, ಜಿಎಸ್‌ಟಿ ಇದ್ದರೆ ಅದರ ಸಂಖ್ಯೆ, ಬಿಲ್ಲಿನ ಕ್ರಮಸಂಖ್ಯೆ ತಪ್ಪದೆ ಬರೆಯಬೇಕು. ಬಿಲ್ಲು ಕನ್ನಡದಲ್ಲಿದ್ದರೂ ಮರಾಠಿಯಲ್ಲಿದ್ದರೂ ನಡೆಯುತ್ತದೆ. ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯಿರಿ, ಅವಸರದ ಕೈಬರಹದಲ್ಲಿ ಕನ್ನಡದ ಒಂದನ್ನು ಸೊನ್ನೆ ಎಂದು ಓದಿದ ಮನುಷ್ಯರನ್ನೇ ನಾನು ಕಂಡಿದ್ದೇನೆ. ಕಚೇರಿ ಸಂಜೆ 6ರಿಂದ 8ರವರೆಗೆ ತೆರೆದಿರುತ್ತದೆ, ಸೋಮವಾರ ರಜೆ.

ಮತ್ತೊಂದು. ಹೋದ ವರ್ಷ ವೇದಿಕೆಗೆ ಬಾಳೆಕಂಬ, ಮಾವಿನ ತೋರಣ ತಂದುಕೊಟ್ಟ ಹಳ್ಳಿಯ ಅಜ್ಜನವರು ಬಿಲ್ಲು ಕೊಡದೆ, ಹಣ ಒಯ್ಯದೆ ಹೋಗಿದ್ದಾರೆ. ಪುಸ್ತಕದಲ್ಲಿ ಅವರ 1,150 ರೂಪಾಯಿ ಇನ್ನೂ ಬಾಕಿ ಇದೆ. ಅವರನ್ನು ಬಲ್ಲವರು ದಯವಿಟ್ಟು ತಿಳಿಸಿರಿ.